ಗಣಕ ಪ್ರಶ್ನೋತ್ತರ: ಪ್ರೊಸೆಸರ್‌ನ ವೇಗವನ್ನು ತಡೆದಿರುವವರು ಯಾರು?

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಎಲ್ಲವೂ ಮಳೆಗಾಲದಲ್ಲಿ ಬರೆದವು. ದೂರುಗಳು ಬೇರೆ ಬೇರೆಯಾದರೂ ಪ್ರೊಸೆಸರ್‌ನ ವೇಗವನ್ನು ಏರಿಳಿಸಿ ವಿದ್ಯುತ್ ಉಳಿಸುವ ವ್ಯವಸ್ಥೆಯು ಹದ ತಪ್ಪಿದಾಗ ಏನು ಮಾಡಬೇಕೆಂಬುದೇ ಎಲ್ಲರ ಪ್ರಶ್ನೆಯಾಗಿರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಪ್ರೊಸೆಸರ್ ಮತ್ತು ಉಬುಂಟು ಇವೆ. ಜೂನ್ ಕೊನೆಯಿಂದ ಯಂತ್ರ ವಿಪರೀತ ನಿಧಾನವಾಗಿದೆ. ವೇಗ ನೋಡಿದರೆ ಯಾವಾಗಲೂ 400 ಮೆಗಾಹರ್ಟ್ಸ್‌ನಲ್ಲೇ ನಿಂತಿರುತ್ತದೆ. ವೇಗ ನಿರ್ಧರಿಸುವ ಗವರ್ನರ್ ಅನ್ನು ‘ಪರ್ಫಾರ್ಮೆನ್ಸ್’ಗೆ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದರೆ ಸರಿಯಾಗುತ್ತದೆ. ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ವೋಲ್ಟೇಜ್ ತೀರ ಇಳಿಯುತ್ತದೆ, ಅದೇ ಕಾರಣವೆ? ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕೆನ್ನುತ್ತಿದ್ದಾರೆ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಮದರ್‌ಬೋರ್ಡ್‌ಗೆ ಈಗಲೇ ಹಣ ಕೊಡಬೇಡಿ. ಚಾರ್ಜರ್ ತೆಗೆದಾಗ ಸರಿಹೋಗುತ್ತದೆ ಎಂಬ ನಿಮ್ಮ ಮಾತಿನಲ್ಲೇ ದೊಡ್ಡ ಸುಳಿವು ಇದೆ.

ಪ್ರೊಸೆಸರ್‌ನ ವೇಗಕ್ಕೆ ಮಿತಿ ಹಾಕುವ ಅಧಿಕಾರ ಒಬ್ಬರ ಕೈಯಲ್ಲಿ ಇಲ್ಲ. ಎಲ್ಲಕ್ಕಿಂತ ಮೇಲೆ ನಿಮ್ಮ ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನೆಲ್‌ನ ಗವರ್ನರ್ ಇದೆ. ಆ ಕ್ಷಣದಲ್ಲಿ ಎಷ್ಟು ಕೆಲಸವಿದೆ ಎಂದು ನೋಡಿ ಎಷ್ಟು ವೇಗ ಬೇಕೆಂದು ತೀರ್ಮಾನಿಸುವುದು ಅದರ ಹೊಣೆ. ಅದರ ಕೆಳಗೆ ಆ ತೀರ್ಮಾನವನ್ನು ಪ್ರೊಸೆಸರ್‌ಗೆ ಮುಟ್ಟಿಸುವ ಡ್ರೈವರ್ ಇದೆ. ಅದಕ್ಕೂ ಕೆಳಗೆ ಯಂತ್ರ ಶುರುವಾಗುವಾಗ ಮೊದಲು ಓಡುವ ಬಯಾಸ್ ಎಂಬ ತಂತ್ರಾಂಶ, ಮತ್ತು ಬ್ಯಾಟರಿ, ಫ್ಯಾನ್, ಚಾರ್ಜರ್‌ಗಳನ್ನು ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್ ಇವೆ. ಕಟ್ಟಕಡೆಗೆ ಸ್ವತಃ ಪ್ರೊಸೆಸರ್ ಇದೆ. ಬಿಸಿ ಮಿತಿಮೀರಿದರೆ ಅದು ಯಾರ ಆದೇಶಕ್ಕೂ ಕಾಯದೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಒಂದೇ ಕಾಲುವೆಗೆ ಸಾಲಾಗಿ ನಾಲ್ಕು ತೂಬುಗಳಿದ್ದರೆ ಮೂರನ್ನು ಪೂರ್ತಿ ತೆರೆದರೂ ನಾಲ್ಕನೆಯದು ಬಿಟ್ಟಷ್ಟೇ ನೀರು ಗದ್ದೆಗೆ ಬರುವಂತೆ, ಇಲ್ಲಿಯೂ ಅತಿ ಕಡಿಮೆ ಮಿತಿ ಹಾಕಿದವರ ಮಾತೇ ನಡೆಯುತ್ತದೆ. ನೀವು ಬದಲಿಸಿದ್ದು ಮೊದಲನೆಯ ತೂಬನ್ನು ಮಾತ್ರ.

ಮುಚ್ಚಿರುವುದು ಯಾವುದೆಂದು ತಿಳಿಯುವ ದಾರಿ ಸರಳವಾಗಿದೆ. ಕಡತ ವ್ಯವಸ್ಥೆಯ ‘ಸಿಸ್’ ಎಂಬ ಕೋಶದಲ್ಲಿ ಡಿವೈಸಸ್, ಸಿಸ್ಟಮ್, ಸಿಪಿಯು, ಸಿಪಿಯು0, ಸಿಪಿಯುಫ್ರೆಕ್ ಎಂದು ಒಂದರೊಳಗೊಂದು ಹೊಕ್ಕರೆ ಹಲವು ಪುಟ್ಟ ಕಡತಗಳು ಸಿಗುತ್ತವೆ. ಅವುಗಳಲ್ಲಿ ‘ಸಿಪಿಯುಇನ್ಫೋ ಮ್ಯಾಕ್ಸ್ ಫ್ರೆಕ್’ ಎಂಬುದು ಪ್ರೊಸೆಸರ್‌ಗೆ ಸಾಧ್ಯವಿರುವ ಗರಿಷ್ಠ ವೇಗವನ್ನೂ, ‘ಸ್ಕೇಲಿಂಗ್ ಮ್ಯಾಕ್ಸ್ ಫ್ರೆಕ್’ ಎಂಬುದು ಕಾರ್ಯಾಚರಣ ವ್ಯವಸ್ಥೆ ಸದ್ಯಕ್ಕೆ ಅನುಮತಿಸಿರುವ ಗರಿಷ್ಠವನ್ನೂ ತಿಳಿಸುತ್ತವೆ (ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ). ಅಂಕಿಗಳು ಕಿಲೋಹರ್ಟ್ಸ್‌ನಲ್ಲಿರುತ್ತವೆ, 400000 ಎಂದರೆ 400 ಮೆಗಾಹರ್ಟ್ಸ್. ಎರಡನೆಯ ಅಂಕಿ ಮೊದಲನೆಯದಕ್ಕಿಂತ ತೀರ ಕಡಿಮೆ ಇದ್ದರೆ ಮಿತಿ ಹಾಕಿದ್ದು ಲಿನಕ್ಸ್‌ನೊಳಗಿನ ಯಾವುದೋ ತಂತ್ರಾಂಶ. ಎರಡೂ ಒಂದೇ ಆಗಿದ್ದು, ನಿಜವಾದ ವೇಗ ಮಾತ್ರ 400ರಲ್ಲಿ ನಿಂತಿದ್ದರೆ ಲಿನಕ್ಸ್ ನಿರಪರಾಧಿ, ಹುಡುಕಬೇಕಾದದ್ದು ಕೆಳಗಿನ ಸ್ತರಗಳಲ್ಲಿ.

ಈ ನಿಜವಾದ ವೇಗವನ್ನು ಯಂತ್ರ ಸುಮ್ಮನಿರುವಾಗ ಅಳೆಯಬಾರದು, ಏಕೆಂದರೆ ಕೆಲಸವಿಲ್ಲದಾಗ ವೇಗ ಇಳಿದಿರುವುದೇ ಆರೋಗ್ಯದ ಲಕ್ಷಣ. ಒಂದು ಟರ್ಮಿನಲ್‌ನಲ್ಲಿ ‘ಸ್ಟ್ರೆಸ್-ಎನ್‌ಜಿ’ಯಂತಹ ತಂತ್ರಾಂಶದಿಂದ ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟು, ಇನ್ನೊಂದರಲ್ಲಿ ‘ಟರ್ಬೋಸ್ಟ್ಯಾಟ್’ ಓಡಿಸಿ, ಕೆಲಸದಲ್ಲಿದ್ದಾಗಿನ ಸರಾಸರಿ ವೇಗದ ಅಂಕಣವನ್ನೂ ತಾಪಮಾನದ ಅಂಕಣವನ್ನೂ ನೋಡಿ. ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ, ಎರಡನ್ನೂ ಬರೆದಿಟ್ಟುಕೊಳ್ಳಿ.

ಚಾರ್ಜರ್ ಇದ್ದಾಗ ವೇಗ 400, ತಾಪಮಾನ 45 ಡಿಗ್ರಿಯ ಆಸುಪಾಸು ಎಂದು ಕಂಡರೆ, ತಣ್ಣಗಿರುವ ಪ್ರೊಸೆಸರ್ ಬಿಸಿಯಾದಂತೆ ವರ್ತಿಸುತ್ತಿದೆ ಎಂದಾಯಿತು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ‘ಪ್ರೊಕ್‌ಹಾಟ್’ ಎಂಬ ಎಚ್ಚರಿಕೆಯ ತಂತಿಯೊಂದಿದೆ. ಅದು ಎರಡೂ ದಿಕ್ಕಿನಲ್ಲಿ ಕೆಲಸ ಮಾಡಬಲ್ಲದು: ಪ್ರೊಸೆಸರ್ ತಾನು ಬಿಸಿಯಾಗಿದ್ದೇನೆಂದು ಹೊರಗೆ ಹೇಳಬಹುದು, ಬೋರ್ಡಿನ ಇತರ ಭಾಗಗಳೂ ಪ್ರೊಸೆಸರ್‌ಗೆ ‘ವೇಗ ಇಳಿಸು’ ಎಂದು ಹೇಳಬಹುದು. ಹೊರಗಿನಿಂದ ಆ ಸಂಕೇತ ಬಂದ ಕೂಡಲೇ ಪ್ರೊಸೆಸರ್ ತನ್ನ ಅತ್ಯಂತ ಕಡಿಮೆ ವೇಗಕ್ಕೆ ಇಳಿಯುತ್ತದೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ 400 ಮೆಗಾಹರ್ಟ್ಸ್, ಹಳೆಯವುಗಳಲ್ಲಿ 800. ನೀವು ಕಂಡ ಅಂಕಿಯೂ ಇದೇ ಆಗಿರುವುದನ್ನು ಗಮನಿಸಿ.

ಇನ್ನು ಚಾರ್ಜರ್‌ಗೂ ಇದಕ್ಕೂ ಇರುವ ಸಂಬಂಧ. ಹಲವು ಲ್ಯಾಪ್‌ಟಾಪ್‌ಗಳ ಚಾರ್ಜರ್ ತುದಿಯ ನಡುವೆ ಸೂಜಿಯಂತಹ ಒಂದು ಪಿನ್ ಇರುತ್ತದೆ. ವಿದ್ಯುತ್ ಬರುವುದು ಅದರಿಂದಲ್ಲ. ‘ನಾನು ಇಷ್ಟು ವ್ಯಾಟ್‌ನ ಚಾರ್ಜರ್’ ಎಂಬ ಮಾಹಿತಿ ಅದರ ಮೂಲಕ ಯಂತ್ರಕ್ಕೆ ತಲಪುತ್ತದೆ. ಪಿನ್ ಬಾಗಿದರೆ, ಒಳಗಿನ ಸಣ್ಣ ತಂತಿ ಕಡಿದರೆ ಅಥವಾ ಮಲೆನಾಡಿನ ಮಳೆಗಾಲದ ತೇವಕ್ಕೆ ಕಿಲುಬು ಕಟ್ಟಿದರೆ ಯಂತ್ರಕ್ಕೆ ಚಾರ್ಜರ್‌ನ ಗುರುತು ಸಿಗುವುದಿಲ್ಲ. ಆಗ ಅದು ದುರ್ಬಲ ಚಾರ್ಜರ್ ಇರಬಹುದೆಂದು ಭಾವಿಸಿ ಪ್ರೊಸೆಸರ್‌ನ ವೇಗವನ್ನು ಕಟ್ಟಿಹಾಕುತ್ತದೆ, ಎಷ್ಟೋ ಸಲ ಬ್ಯಾಟರಿ ಚಾರ್ಜ್ ಮಾಡುವುದನ್ನೂ ನಿಲ್ಲಿಸುತ್ತದೆ. ನಿಮ್ಮ ಬ್ಯಾಟರಿಯ ಅಂಕಿ ಏರುತ್ತಿದೆಯೆ, ಒಂದೇ ಕಡೆ ನಿಂತಿದೆಯೆ ಎಂದು ನೋಡಿದರೆ ಈ ಊಹೆ ಗಟ್ಟಿಯಾಗುತ್ತದೆ.

ವೋಲ್ಟೇಜ್ ಇಳಿಯುವುದು ನೇರ ಕಾರಣವಾಗಿರಲಾರದು. ಚಾರ್ಜರ್‌ನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುವುದನ್ನು ನೋಡಿ. ಮನೆಯ ವೋಲ್ಟೇಜ್ 160ಕ್ಕೆ ಇಳಿದು ಟ್ಯೂಬ್‌ಲೈಟ್ ಹೊತ್ತಿಕೊಳ್ಳದಿದ್ದಾಗಲೂ ಚಾರ್ಜರ್ ತನ್ನ ಕೆಲಸ ಮಾಡುತ್ತದೆ. ಆದರೆ ಮರ ಬಿದ್ದು ಲೈನ್ ಹೋಗಿ ಮತ್ತೆ ಬಂದಾಗಿನ ಹೊಡೆತಗಳು, ಸಿಡಿಲಿನ ಹೊಡೆತಗಳು ಚಾರ್ಜರ್‌ನ ಒಳಭಾಗವನ್ನು ಕೆಡಿಸಬಲ್ಲವು.

ಮೊದಲು ಯಂತ್ರ ಆರಿಸಿ, ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎಂಬೆಡೆಡ್ ಕಂಟ್ರೋಲರ್ ಹಳೆಯ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಇದರಿಂದ ಬಿಡುಗಡೆಯಾಗುತ್ತದೆ. ಬಳಿಕ ಬಯಾಸ್‌ಗೆ ಹೋಗಿ ಚಾರ್ಜರ್‌ನ ವ್ಯಾಟ್ ತೋರಿಸುವ ಸಾಲು ಇದ್ದರೆ ಅಲ್ಲಿ ಏನಿದೆ ಎಂದು ನೋಡಿ. ‘ಅಪರಿಚಿತ’ ಎಂಬರ್ಥದ ಪದವಿದ್ದರೆ ಕಾರಣ ಸಿಕ್ಕಿತು. ಅದೇ ಮಾದರಿಯ ಯಂತ್ರ ಇರುವ ಪರಿಚಿತರಿಂದ ಚಾರ್ಜರ್ ಎರವಲು ತಂದು ಪರೀಕ್ಷಿಸಿ. ಎರವಲು ಚಾರ್ಜರ್‌ನಲ್ಲಿ ವೇಗ ಬಂದರೆ ಹೊಸ ಚಾರ್ಜರ್ ಕೊಂಡರೆ ಸಾಕು. ಬರದಿದ್ದರೆ ಯಂತ್ರದ ಕಡೆಯ ಸಾಕೆಟ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಶುಚಿ ಮಾಡಿಸಿ, ಆಗಲೂ ಆಗದಿದ್ದರೆ ಆ ಸಾಕೆಟ್ ಮಾತ್ರ ಬದಲಿಸಿಕೊಡುವಂತೆ ಕೇಳಿ. ಅನೇಕ ಮಾದರಿಗಳಲ್ಲಿ ಅದು ಪ್ರತ್ಯೇಕ ಬಿಡಿಭಾಗ. ಮದರ್‌ಬೋರ್ಡ್‌ನ ಮಾತು ಬರಬೇಕಾದದ್ದು ಇದೆಲ್ಲ ಮುಗಿದ ಮೇಲೆ.

ಪ್ರೊಸೆಸರ್‌ನ ಒಳ ರಿಜಿಸ್ಟರ್ ಒಂದರಲ್ಲಿ ಒಂದು ಬಿಟ್ ಬದಲಿಸಿ ಹೊರಗಿನ ಪ್ರೊಕ್‌ಹಾಟ್ ಸಂಕೇತವನ್ನೇ ಕಿವಿಗೆ ಹಾಕಿಕೊಳ್ಳದಂತೆ ಮಾಡುವ ಉಪಾಯವೂ ಅಂತರಜಾಲದಲ್ಲಿ ನಿಮಗೆ ಸಿಗುತ್ತದೆ. ಅದರಿಂದ ವೇಗ ಮರಳುವುದು ನಿಜ. ಆದರೆ ಸಂಕೇತ ಕೊಡುತ್ತಿರುವುದು ಚಾರ್ಜರ್ ಅಲ್ಲದೆ ವೋಲ್ಟೇಜ್ ನಿಯಂತ್ರಿಸುವ ಬಿಡಿಭಾಗಗಳ ನಿಜವಾದ ಬಿಸಿಯಾಗಿದ್ದರೆ, ಇಂದು ಇಲ್ಲದ ಮದರ್‌ಬೋರ್ಡ್ ಖರ್ಚು ನಾಳೆ ಬರುತ್ತದೆ. ಪರೀಕ್ಷೆಗಾಗಿ ಹತ್ತು ನಿಮಿಷ ಮಾಡಿ ನೋಡುವುದಕ್ಕೂ ನನ್ನ ಸಮ್ಮತಿಯಿಲ್ಲ, ಏಕೆಂದರೆ ಎರವಲು ಚಾರ್ಜರ್ ಅದೇ ಉತ್ತರವನ್ನು ಅಪಾಯವಿಲ್ಲದೆ ಕೊಡುತ್ತದೆ.

ಪ್ರಶ್ನೆ: ನಮ್ಮ ಡಿಟಿಪಿ ಕೇಂದ್ರದ ಎರಡು ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಹಾಕಿಸಿದ್ದೇವೆ. ಎರಡರಲ್ಲೂ ಗವರ್ನರ್ ‘ಪವರ್‌ಸೇವ್’ ಎಂದು ತೋರಿಸುತ್ತದೆ. ಒಂದು ಚೆನ್ನಾಗಿ ಓಡುತ್ತದೆ, ಇನ್ನೊಂದು ತೆವಳುತ್ತದೆ. ‘ಆನ್‌ಡಿಮಾಂಡ್’ ಒಳ್ಳೆಯದೆಂದು ಓದಿದೆ, ಆದರೆ ಮೊದಲನೆಯ ಯಂತ್ರದ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ‘ಪರ್ಫಾರ್ಮೆನ್ಸ್’ ಇಟ್ಟರೆ ಕರೆಂಟ್ ಬಿಲ್ ಏರುತ್ತದೆಯೆ?
— ಓದುಗರೊಬ್ಬರು, ಸಾಗರ

ಉತ್ತರ: ಒಂದೇ ಹೆಸರಿನ ಗವರ್ನರ್ ಎರಡು ಡ್ರೈವರ್‌ಗಳಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ, ನಿಮ್ಮ ಗೊಂದಲಕ್ಕೆ ಕಾರಣ ಅದೇ. ‘ಸಿಪಿಯುಪವರ್ ಫ್ರೀಕ್ವೆನ್ಸಿ-ಇನ್ಫೋ’ ಎಂಬ ಆದೇಶ ಕೊಟ್ಟು, ಗವರ್ನರ್‌ಗಿಂತ ಮೊದಲು ಡ್ರೈವರ್‌ನ ಹೆಸರು ಓದಿ.

ಚೆನ್ನಾಗಿ ಓಡುವ ಯಂತ್ರದಲ್ಲಿ ‘ಇಂಟೆಲ್ ಪಿಸ್ಟೇಟ್’ ಎಂದಿರಬೇಕು. 2013ರಲ್ಲಿ ಬಂದ 3.9ನೇ ಕರ್ನೆಲ್‌ನಲ್ಲಿ ಸೇರಿದ ಈ ಡ್ರೈವರ್ ತನ್ನ ಸಹಜ ಸ್ಥಿತಿಯಲ್ಲಿ ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್ ಎಂಬ ಎರಡನ್ನು ಮಾತ್ರ ಒಪ್ಪುತ್ತದೆ, ಮತ್ತು ಅದರ ಪವರ್‌ಸೇವ್ ಕೆಲಸದ ಒತ್ತಡ ನೋಡಿ ವೇಗವನ್ನು ತುದಿಯವರೆಗೂ ಏರಿಸುತ್ತದೆ. 2015ರಿಂದ ಈಚಿನ ಬಹುಪಾಲು ಇಂಟೆಲ್ ಪ್ರೊಸೆಸರ್‌ಗಳಲ್ಲಿ ವೇಗದ ಆಯ್ಕೆಯನ್ನು ಪ್ರೊಸೆಸರ್ ತಾನೇ ಮಾಡುತ್ತದೆ. ಕರ್ನೆಲ್ ಕೊಡುವುದು ಉಳಿತಾಯ ಮುಖ್ಯವೋ ವೇಗ ಮುಖ್ಯವೋ ಎಂಬ ಸೂಚನೆಯನ್ನಷ್ಟೆ. ಅಲ್ಲಿ ಪವರ್‌ಸೇವ್ ಎಂಬ ಹೆಸರು ಕಂಡು ಹೆದರಬೇಕಾಗಿಲ್ಲ, ಅದನ್ನು ಹಾಗೆಯೇ ಬಿಡಿ.

ತೆವಳುವ ಯಂತ್ರದಲ್ಲಿ ‘ಎಸಿಪಿಐ ಸಿಪಿಯುಫ್ರೆಕ್’ ಇರುವ ಸಾಧ್ಯತೆ ಹೆಚ್ಚು. ಆ ಡ್ರೈವರ್‌ನ ಕೆಳಗೆ ಪವರ್‌ಸೇವ್ ಎಂದರೆ ಕೆಲಸ ಎಷ್ಟೇ ಇರಲಿ ಕನಿಷ್ಠ ವೇಗದಲ್ಲೇ ಕೂರುವುದು. ಅಲ್ಲಿ ‘ಸ್ಕೆಡ್‌ಯುಟಿಲ್’ ಆರಿಸಿಕೊಳ್ಳಿ, 2016ರ 4.7ನೇ ಕರ್ನೆಲ್‌ನಿಂದ ಇರುವ ಇದು, ಯಾವ ಕೋರ್‌ನ ಮೇಲೆ ಎಷ್ಟು ಹೊರೆ ಇದೆ ಎಂಬ ಲೆಕ್ಕವನ್ನು ಕೆಲಸ ಹಂಚುವ ಷೆಡ್ಯೂಲರ್‌ನಿಂದಲೇ ಪಡೆದು ವೇಗ ನಿರ್ಧರಿಸುತ್ತದೆ. ಹಳೆಯ ಕರ್ನೆಲ್ ಆಗಿದ್ದರೆ ಆನ್‌ಡಿಮಾಂಡ್ ಸಾಕು. ಎರಡನೆಯದು ಎಎಂಡಿ ಯಂತ್ರವಾಗಿದ್ದು ತಕ್ಕಮಟ್ಟಿಗೆ ಹೊಸದಾಗಿದ್ದರೆ, 2022ರ 5.17ನೇ ಕರ್ನೆಲ್‌ನಿಂದ ಬಂದ ‘ಎಎಂಡಿ ಪಿಸ್ಟೇಟ್’ ಡ್ರೈವರ್ ಸಿಗಬಹುದು, ಆದರೆ ಬಯಾಸ್‌ನಲ್ಲಿ ಸಿಪಿಪಿಸಿ ಎಂಬ ಆಯ್ಕೆ ತೆರೆದಿರಬೇಕು.

ಬದಲಿಸಿದ ಗವರ್ನರ್ ಮರುದಿನ ಮತ್ತೆ ಹಳೆಯದಕ್ಕೆ ಮರಳಿದರೆ, ‘ಟಿಎಲ್‌ಪಿ’ ಮತ್ತು ‘ಪವರ್ ಪ್ರೊಫೈಲ್ಸ್ ಡೀಮನ್’ ಎಂಬ ವಿದ್ಯುತ್ ನಿರ್ವಹಣೆಯ ತಂತ್ರಾಂಶಗಳೆರಡೂ ಒಟ್ಟಿಗೆ ಓಡುತ್ತಿವೆಯೆ ಎಂದು ನೋಡಿ. ಎರಡೂ ಒಂದೇ ಕಡತಗಳಿಗೆ ಬರೆಯುತ್ತವೆ, ಒಂದು ಬರೆದುದನ್ನು ಇನ್ನೊಂದು ಅಳಿಸುತ್ತದೆ. ಒಂದನ್ನು ಪೂರ್ತಿಯಾಗಿ ತೆಗೆದುಹಾಕುವುದೇ ಪರಿಹಾರ.

ಬಿಲ್ಲಿನ ವಿಷಯಕ್ಕೆ ಬಂದರೆ, ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಅದರ ವೇಗಕ್ಕೂ, ವೋಲ್ಟೇಜ್‌ನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜ್ 20 ಶೇಕಡಾ ಇಳಿದರೆ, ವೇಗ ಬದಲಾಗದಿದ್ದರೂ ಬಳಕೆ 36 ಶೇಕಡಾ ಇಳಿಯುತ್ತದೆ. ವೇಗ ತಗ್ಗಿದಾಗ ವೋಲ್ಟೇಜನ್ನೂ ತಗ್ಗಿಸಬಹುದಾದುದರಿಂದಲೇ ಈ ಏರಿಳಿತದ ಏರ್ಪಾಟು ಫಲಕಾರಿ. ಹಾಗೆಂದು ಸದಾ ನಿಧಾನವಾಗಿ ಓಡಿಸುವುದು ಉಳಿತಾಯವಲ್ಲ. ಪುಟವಿನ್ಯಾಸದಂತಹ ಕೆಲಸದಲ್ಲಿ ಪ್ರೊಸೆಸರ್ ಬಹುಪಾಲು ಹೊತ್ತು ಖಾಲಿಯೇ ಇರುತ್ತದೆ. ಬೇಗ ಮುಗಿಸಿ ಆಳವಾದ ನಿದ್ರಾಸ್ಥಿತಿಗೆ ಹೋದರೆ ಆ ಹೊತ್ತಿನಲ್ಲಿ ಕೋರ್‌ಗೆ ಹೋಗುವ ವಿದ್ಯುತ್ತೇ ಹೆಚ್ಚುಕಡಿಮೆ ಕಡಿತವಾಗುತ್ತದೆ. ಗವರ್ನರ್‌ಗಿಂತ ನಿಮ್ಮ ಮಾನಿಟರ್‌ನ ಬೆಳಕು ತಗ್ಗಿಸುವುದು ಬಿಲ್ಲಿಗೆ ಹೆಚ್ಚು ಉಪಕಾರಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಳೆ ಅಳೆಯಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬಳಸುತ್ತಿದ್ದೇವೆ. ಹೊರಗೋಡೆಯ ಪೆಟ್ಟಿಗೆಯಲ್ಲಿದೆ, ಒಳಗಿನಿಂದ ಉದ್ದದ ಯುಎಸ್‌ಬಿ ಕೇಬಲ್‌ನಲ್ಲಿ ಮೊಬೈಲ್ ಚಾರ್ಜರ್‌ನಿಂದ ವಿದ್ಯುತ್ ಕೊಟ್ಟಿದ್ದೇವೆ. ಆಗಾಗ ನಿಧಾನವಾಗುತ್ತದೆ, ಕೆಲವು ಸಲ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ವೇಗ ನೋಡಿದರೆ ಪೂರ್ತಿ 1500 ಮೆಗಾಹರ್ಟ್ಸ್ ಎಂದೇ ತೋರಿಸುತ್ತದೆ.
— ಶಿಕ್ಷಕರೊಬ್ಬರು, ಆಗುಂಬೆ ಸಮೀಪ

ಉತ್ತರ: ದಕ್ಷಿಣದ ಚಿರಾಪುಂಜಿಯಲ್ಲಿ ಮಕ್ಕಳ ಕೈಯಿಂದ ಮಳೆ ಅಳೆಸುತ್ತಿರುವುದಕ್ಕೆ ಮೊದಲು ಅಭಿನಂದನೆ. ಆ ದಾಖಲೆಯಲ್ಲಿ ಒಂದು ದಿನವೂ ಖಾಲಿ ಬೀಳಬಾರದೆಂಬುದು ನನ್ನ ಆಸೆ ಕೂಡ.

ಪೈಯಲ್ಲಿ ವೇಗದ ಕೊನೆಯ ಹತೋಟಿ ಇರುವುದು ಫರ್ಮ್‌ವೇರ್‌ನ, ಅಂದರೆ ಯಂತ್ರದ ಮೂಲ ತಂತ್ರಾಂಶದ ಕೈಯಲ್ಲಿ. ಕರ್ನೆಲ್ ತೋರಿಸುವ 1500 ಎಂಬುದು ಅದು ಕೇಳಿದ ವೇಗ, ಸಿಕ್ಕಿದ ವೇಗವಲ್ಲ. ಸಿಕ್ಕಿದ್ದನ್ನು ತಿಳಿಯಲು ‘ವಿಸಿಜೆನ್‌ಸಿಎಂಡಿ’ ಎಂಬ ಆದೇಶದ ಮುಂದೆ ‘ಮೆಷರ್ ಕ್ಲಾಕ್ ಆರ್ಮ್’ ಎಂದೂ, ತಡೆ ಬಿದ್ದಿದೆಯೆ ಎಂದು ತಿಳಿಯಲು ‘ಗೆಟ್ ಥ್ರಾಟಲ್ಡ್’ ಎಂದೂ ಕೊಡಬೇಕು. ಎರಡನೆಯದಕ್ಕೆ ಉತ್ತರ ಹದಿನಾರರ ಅಂಕಪದ್ಧತಿಯಲ್ಲಿ ಬರುತ್ತದೆ. 0 ಬಂದರೆ ಎಲ್ಲವೂ ಸರಿ. 50005 ಬಂದರೆ ವೋಲ್ಟೇಜ್ ಈಗಲೇ ಕಡಿಮೆಯಿದ್ದು ವೇಗ ತಡೆಯಲಾಗಿದೆ ಎಂದರ್ಥ. 50000 ಬಂದರೆ ಈಗ ಸರಿಯಿದೆ, ಆದರೆ ಯಂತ್ರ ಶುರುವಾದ ಮೇಲೆ ಯಾವಾಗಲೋ ಹಾಗಾಗಿತ್ತು ಎಂದರ್ಥ. ಬಂದು ಹೋಗುವ ತೊಂದರೆಗಳನ್ನು ಹಿಡಿಯಲು ಈ ಕೊನೆಯ ಉತ್ತರ ಬಹಳ ಬೆಲೆಯುಳ್ಳದ್ದು.

ನಿಮ್ಮಲ್ಲಿ ಬಿಸಿ ಕಾರಣವಾಗಿರಲಾರದು, ಪೈ ಬಿಸಿಗಾಗಿ ವೇಗ ಇಳಿಸಲು ತೊಡಗುವುದು 80 ಡಿಗ್ರಿಯಲ್ಲಿ. ನನ್ನ ಅನುಮಾನವೆಲ್ಲ ಕೇಬಲ್‌ನ ಮೇಲೆ. ಪೈಗೆ ತಲಪುವ ವೋಲ್ಟೇಜ್ 4.63ಕ್ಕಿಂತ ಇಳಿದರೆ ಫರ್ಮ್‌ವೇರ್ ಎಚ್ಚರಿಕೆ ದಾಖಲಿಸಿ ವೇಗ ತಡೆಯುತ್ತದೆ. ತೆಳು ತಂತಿಯ ಉದ್ದನೆಯ ಕೇಬಲ್‌ಗೆ ಹೋಗಿಬರುವ ದಾರಿ ಸೇರಿ ಅರ್ಧ ಓಮ್ ರೋಧವಿದ್ದು, ಅದರಲ್ಲಿ ಒಂದು ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಹೊರಟದ್ದು 5.1 ಆದರೂ ಮುಟ್ಟುವುದು 4.6. ಮೊಬೈಲ್ ಚಾರ್ಜರ್ ಬದಲು ಪೈ 4ಕ್ಕೆಂದೇ ಇರುವ 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಕೊಂಡು, ಅದನ್ನು ಪೆಟ್ಟಿಗೆಯ ಹತ್ತಿರ ಮಳೆ ತಾಗದ ಜಾಗಕ್ಕೆ ತಂದು, ಕೇಬಲ್ ಗಿಡ್ಡ ಮಾಡಿ. ಉದ್ದದ ದಾರಿಯನ್ನು 230 ವೋಲ್ಟ್‌ನ ವೈರ್ ಕ್ರಮಿಸಲಿ. ಆ ಕೆಲಸವನ್ನು ಎಲೆಕ್ಟ್ರೀಷಿಯನ್ನರಿಂದಲೇ ಮಾಡಿಸಿ.

ಹೊಸ ಅಡಾಪ್ಟರ್ ಬರುವವರೆಗೆ ಗವರ್ನರ್ ಅನ್ನು ಪವರ್‌ಸೇವ್‌ಗೆ ಇಡಿ. ಪೈ 600 ಮೆಗಾಹರ್ಟ್ಸ್‌ನಲ್ಲಿ ನಿಲ್ಲುತ್ತದೆ, ಕರೆಂಟ್ ಎಳೆಯುವುದು ಕಡಿಮೆಯಾಗಿ ವೋಲ್ಟೇಜ್ ಕುಸಿಯುವುದೂ ತಗ್ಗುತ್ತದೆ. ಮಳೆಯ ಅಂಕಿ ಬರೆದಿಡಲು ಆ ವೇಗ ಧಾರಾಳ.

ಪ್ರಶ್ನೆ: ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬರುವಾಗ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿರುತ್ತೇನೆ. ಶಿವಮೊಗ್ಗದಲ್ಲಿ ಇಳಿದು ನೋಡಿದರೆ ಬಿಸಿಯಾಗಿರುತ್ತದೆ, ಬ್ಯಾಟರಿ ಮುಗಿದಿರುತ್ತದೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಸಿಸ್’ ಕೋಶದ ‘ಪವರ್’ ಒಳಗಿರುವ ‘ಮೆಮ್ ಸ್ಲೀಪ್’ ಕಡತವನ್ನು ಓದಿ. ‘ಎಸ್2ಐಡಲ್’, ‘ಡೀಪ್’ ಎಂಬ ಎರಡು ಹೆಸರುಗಳಿದ್ದರೆ ಚೌಕ ಆವರಣದಲ್ಲಿರುವುದು ಈಗ ಬಳಕೆಯಲ್ಲಿರುವ ನಿದ್ರೆಯ ಬಗೆ. ಡೀಪ್‌ನಲ್ಲಿ ಮೆಮೊರಿಯೊಂದನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲಕ್ಕೂ ವಿದ್ಯುತ್ ನಿಲ್ಲುತ್ತದೆ. ಎಸ್2ಐಡಲ್‌ನಲ್ಲಿ ಯಂತ್ರ ಎಚ್ಚರವಿದ್ದೂ ತೂಕಡಿಸುತ್ತಿರುತ್ತದೆ. ವೈಫೈ ಅಥವಾ ಎಸ್‌ಎಸ್‌ಡಿಯಂತಹ ಒಂದು ಸಾಧನ ನಿದ್ದೆಗೆ ಒಪ್ಪದಿದ್ದರೂ ಇಡೀ ಪ್ರೊಸೆಸರ್ ಆಳದ ಸ್ಥಿತಿಗೆ ಇಳಿಯಲಾರದು. ಡೀಪ್ ಲಭ್ಯವಿದ್ದರೆ ಅದನ್ನೇ ಕರ್ನೆಲ್‌ನ ಪೂರ್ವನಿಯೋಜಿತ ಆಯ್ಕೆ ಮಾಡಿ. ಈಚಿನ ಹಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್‌ನಲ್ಲಿ ಡೀಪ್ ಇಲ್ಲವೇ ಇಲ್ಲ, ಅದು ವಿಷಾದದ ಸಂಗತಿ. ಅಂಥ ಯಂತ್ರವನ್ನು ಬ್ಯಾಗಿಗೆ ಹಾಕುವ ಮುನ್ನ ಹೈಬರ್ನೇಟ್ ಮಾಡಿ (ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಆರಿಸುವುದು), ಇಲ್ಲವೆ ಪೂರ್ತಿ ಆರಿಸಿ. ಮುಚ್ಚಿದ ಬ್ಯಾಗಿನೊಳಗಿನ ಬಿಸಿ ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ವಿಂಡೋಸ್ ಯಂತ್ರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಶುರುವಿನಲ್ಲಿ 4 ಗಿಗಾಹರ್ಟ್ಸ್ ದಾಟುವ ವೇಗ ಸ್ವಲ್ಪ ಹೊತ್ತಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಪಕ್ಕದಲ್ಲೇ ಅಡಿಕೆ ಸುಲಿಯುವ ಯಂತ್ರವಿದೆ.
— ಓದುಗರೊಬ್ಬರು, ಭದ್ರಾವತಿ

ಉತ್ತರ: ‘ಸ್ವಲ್ಪ ಹೊತ್ತು’ ಎಂದರೆ ಎಷ್ಟು ಎಂಬುದರ ಮೇಲೆ ಉತ್ತರ ನಿಂತಿದೆ. ಅರ್ಧ ನಿಮಿಷದೊಳಗೆ ಇಳಿದು ಅಲ್ಲಿಂದ ಮುಂದೆ ಸ್ಥಿರವಾಗಿದ್ದು, ತಾಪಮಾನ 75ರ ಸುಮಾರಿನಲ್ಲಿದ್ದರೆ ಅದು ದೋಷವಲ್ಲ. ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಅಲ್ಪಕಾಲದ ವಿದ್ಯುತ್ ಮಿತಿ ಒಂದು, ದೀರ್ಘಕಾಲದ್ದು ಇನ್ನೊಂದು ಇರುತ್ತದೆ. ಮೊದಲನೆಯದರ ಅವಧಿ ಹಲವು ಯಂತ್ರಗಳಲ್ಲಿ 28 ಸೆಕೆಂಡು. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವ ವೇಗ ಆ ಅಲ್ಪಕಾಲದ್ದು.

ಐದಾರು ನಿಮಿಷದ ಮೇಲೆ ತಾಪಮಾನ 95 ದಾಟಿ ವೇಗ ಗರಗಸದ ಹಲ್ಲಿನಂತೆ ಏರಿಳಿಯತೊಡಗಿದರೆ ಮಾತ್ರ ಬಿಸಿಯೇ ಕಾರಣ. ಅಡಿಕೆ ಸಿಪ್ಪೆಯ ನಾರು ಮತ್ತು ಧೂಳು ಫ್ಯಾನ್‌ನ ರೆಕ್ಕೆಗಿಂತ ಹೆಚ್ಚಾಗಿ ಅದರ ಮುಂದಿನ ತಾಮ್ರದ ಜಾಲರಿಯ ಒಳಮೈಗೆ ಅಂಟಿ ಹಾಸಿನಂತೆ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಗಾಳಿ ಊದಿದರೆ ಹೋಗುವುದಿಲ್ಲ, ಫ್ಯಾನ್ ಬಿಚ್ಚಿಯೇ ತೆಗೆಯಬೇಕು. ಬಿಚ್ಚಿದಾಗಲೇ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿಸಿ.

ಈವೆಂಟ್ ವ್ಯೂಯರ್‌ನಲ್ಲಿ ‘ಕರ್ನೆಲ್ ಪ್ರೊಸೆಸರ್ ಪವರ್’ ಎಂಬ ಮೂಲದಿಂದ 37ನೇ ಸಂಖ್ಯೆಯ ದಾಖಲೆಗಳಿವೆಯೆ ಎಂದೂ ನೋಡಿ. ಪ್ರೊಸೆಸರ್‌ನ ವೇಗವನ್ನು ಫರ್ಮ್‌ವೇರ್ ತಡೆಹಿಡಿದಾಗ ವಿಂಡೋಸ್ ಹಾಗೆ ಬರೆದಿಡುತ್ತದೆ. ಜಾಲರಿ ಶುಚಿಯಾದ ಮೇಲೂ ಆ ದಾಖಲೆಗಳು ಬರುತ್ತಿದ್ದರೆ, ಮೇಲೆ ತೀರ್ಥಹಳ್ಳಿಯವರಿಗೆ ಹೇಳಿದ ಚಾರ್ಜರ್ ಪರೀಕ್ಷೆಯನ್ನು ನೀವೂ ಮಾಡಬೇಕಾಗುತ್ತದೆ. ಕರೆಂಟ್ ಹೋಗಿ ಇನ್ವರ್ಟರ್‌ನಲ್ಲಿ ಕೆಲಸ ಮುಂದುವರಿಸುವ ದಿನಗಳಲ್ಲಿ ಪವರ್ ಪ್ಲಾನ್‌ನ ಗರಿಷ್ಠ ಪ್ರೊಸೆಸರ್ ಸ್ಥಿತಿಯನ್ನು 100ರಿಂದ 99 ಶೇಕಡಾಕ್ಕೆ ಇಳಿಸಿ; ಹೆಚ್ಚಿನ ಯಂತ್ರಗಳಲ್ಲಿ ಅಷ್ಟರಿಂದಲೇ ಟರ್ಬೊ, ಅಂದರೆ ಆ ಅಲ್ಪಕಾಲದ ಹೆಚ್ಚುವರಿ ವೇಗ, ನಿಂತು ಬಿಸಿಯೂ ಬಳಕೆಯೂ ಗಣನೀಯವಾಗಿ ತಗ್ಗುತ್ತವೆ. ವಿಡಿಯೊ ಮುಗಿಯುವುದು ತುಸು ತಡವಾಗುತ್ತದೆ, ಇನ್ವರ್ಟರ್ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.